ಹದಿನಾರಕ್ಕೆ ಚಿನ್ನ, ಇಪ್ಪತ್ತೆಂಟಕ್ಕೆ ಮತ್ತೆ ಚಿನ್ನ!

ಹದಿನಾರನೇ ವಯಸ್ಸಿಗೇ ಲೋಕ ಗೆದ್ದುಬಿಟ್ಟರೆ ಆಮೇಲೆ ಮಾಡೋದೇನು?

ಲಾಟರಿ ಹೊಡೆದವನ ಪಾಡು ಎಲ್ಲರಿಗೂ ಗೊತ್ತಿರೋದೇ. ಮೊದಲ ವಾರ ಹಾರ ತುರಾಯಿ, ಎರಡನೇ ವಾರ ಸಾಲ ಕೇಳೋರ ಸಾಲು, ವರ್ಷ ತುಂಬೋದರೊಳಗೆ "ಪಾಪ, ಹೇಗಿದ್ದೋನು ಹೇಗಾಗಿ ಹೋದ" ಎಂಬ ಮಾತು. ಕ್ರೀಡಾರಂಗದಲ್ಲೂ ಇಂಥ ಲಾಟರಿಗಳು ಹೊಡೆಯುವುದುಂಟು. ಚಿಕ್ಕ ವಯಸ್ಸಿಗೆ ಚಿನ್ನ ಗೆದ್ದು, ಫೋಟೋ ಹೊಡೆಸಿಕೊಂಡು, ಎರಡೇ ವರ್ಷಕ್ಕೆ ಹೆಸರಿಲ್ಲದೆ ಮಾಯವಾದವರ ಪಟ್ಟಿ ಉದ್ದವಾಗಿದೆ. ಆಗಿನ ಪಶ್ಚಿಮ ಜರ್ಮನಿಯ ಎತ್ತರ ಜಿಗಿತದ ಹುಡುಗಿ ಉಲ್ರೀಕೆ ಮೈಫಾರ್ಟ್ ಕೂಡ ಅದೇ ಪಟ್ಟಿಗೆ ಸೇರಬೇಕಾದವಳು. ಹೆಚ್ಚುಕಡಿಮೆ ಸೇರಿಯೂ ಆಗಿತ್ತು. ಆದರೆ ಆಕೆ ಹನ್ನೆರಡು ವರ್ಷ ಕಾದು, ಪಟ್ಟಿಯಿಂದ ತನ್ನ ಹೆಸರು ತಾನೇ ಹೊಡೆದುಹಾಕಿದಳು.

ಅದು ಹೇಗಾಯ್ತು ಅನ್ನೋದೇ ಈ ಕಥೆ.

ಮೂರನೆಯವಳಾಗಿ ಬಂದವಳು

ಉಲ್ರೀಕೆ ಹುಟ್ಟಿದ್ದು 1956ರ ಮೇ 4ರಂದು, ಫ್ರಾಂಕ್‌ಫರ್ಟ್‌ನಲ್ಲಿ. ಬೆಳೆದದ್ದು ರೈನ್ ನದಿಯ ದಂಡೆಯ ವೆಸ್ಸೆಲಿಂಗ್ ಎಂಬ ಊರಲ್ಲಿ. ಕಲೋನ್ ನಗರದ ಪಕ್ಕದ್ದು, ಎಣ್ಣೆ ಶುದ್ಧೀಕರಣದ ಕಾರ್ಖಾನೆಗಳ ಊರು. ಹುಡುಗಿ ಉದ್ದ ಅಂದರೆ ಉದ್ದ. ಆರಡಿಗೂ ಮೀರಿದ ಆಳು. ತರಗತಿಯಲ್ಲಿ ಎಲ್ಲಿ ಕೂತರೂ ಎದ್ದು ಕಾಣುವಂಥವಳು. ಅಂಥ ಕಾಲಿಗೆ ಎತ್ತರ ಜಿಗಿತವಲ್ಲದೆ ಇನ್ನೇನು ಹೊಂದೀತು?

1972ರಲ್ಲಿ ಒಲಿಂಪಿಕ್ಸ್ ನಡೆದದ್ದು ಅವಳದೇ ದೇಶದ ಮ್ಯೂನಿಕ್ ನಗರದಲ್ಲಿ. ಒಂದು ದೇಶದಿಂದ ಒಂದು ಸ್ಪರ್ಧೆಗೆ ಮೂವರನ್ನು ಕಳಿಸಬಹುದಿತ್ತು. ದೇಶದ ಚಾಂಪಿಯನ್‌ಷಿಪ್‌ನಲ್ಲಿ ಉಲ್ರೀಕೆ ಮೂರನೆಯವಳು. ಹಾಗಾಗಿ ಕೊನೆಯ ಜಾಗ ಸಿಕ್ತು. ಅಲ್ಲಿಯತನಕ ಅವಳು ದಾಟಿದ್ದ ಅತಿ ಹೆಚ್ಚು ಎತ್ತರ 1.85 ಮೀಟರ್. ಶಾಲೆಗೆ ಹೋಗುವ ಹುಡುಗಿಗೆ ಅದೇನೂ ಕಡಿಮೆಯಲ್ಲ. ಆದರೆ ಆ ವರ್ಷದ ಪದಕದ ಲೆಕ್ಕಾಚಾರದಲ್ಲಿ ಅವಳ ಹೆಸರು ಯಾರ ಬಾಯಲ್ಲೂ ಇರಲಿಲ್ಲ.

ಲೆಕ್ಕದಲ್ಲಿ ಇದ್ದವರೇ ಬೇರೆ. ಆಸ್ಟ್ರಿಯಾದ ಇಲೋನಾ ಗುಸೆನ್‌ಬಾವರ್ ಒಂದು ವರ್ಷದ ಹಿಂದೆ, 1971ರ ಸೆಪ್ಟೆಂಬರ್ 4ರಂದು, ವಿಯೆನ್ನಾದಲ್ಲಿ 1.92 ಮೀಟರ್ ದಾಟಿ ವಿಶ್ವದಾಖಲೆ ಮಾಡಿದ್ದಳು. ಅದಕ್ಕೂ ಮುಂಚೆ ಹತ್ತು ವರ್ಷ ಕಾಲ ದಾಖಲೆ ರುಮೇನಿಯಾದ ಯೋಲಾಂಡಾ ಬಾಲಾಷ್ ಹೆಸರಲ್ಲಿತ್ತು, 1.91 ಮೀಟರ್. ಬಾಲಾಷ್ 1960 ಮತ್ತು 1964ರಲ್ಲಿ ಎರಡು ಸಲ ಒಲಿಂಪಿಕ್ಸ್ ಚಿನ್ನ ಗೆದ್ದ ಮಹಾತಾಯಿ. ಹತ್ತು ವರ್ಷದಲ್ಲಿ ಜಗತ್ತು ಮೇಲೇರಿದ್ದು ಒಂದೇ ಒಂದು ಸೆಂಟಿಮೀಟರ್, ಗೊತ್ತಾಯ್ತಲ್ಲ! ಬಲ್ಗೇರಿಯಾದ ಯೊರ್ದಾಂಕಾ ಬ್ಲಾಗೊಯೆವಾ ಮತ್ತೊಬ್ಬ ಗಟ್ಟಿ ಸ್ಪರ್ಧಿ. ಇವರ ಮಧ್ಯೆ ಹದಿನಾರರ ಪೋರಿಯ ಆಟ ಎಷ್ಟು ಹೊತ್ತು ನಡೆದೀತು ಅನ್ನೋ ಹಾಗಿತ್ತು.

ಬೆನ್ನು ಕೆಳಗೆ, ಮುಖ ಆಕಾಶಕ್ಕೆ

ಇಲ್ಲಿ ಹಾರುವ ರೀತಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಹೇಳದಿದ್ದರೆ ಮುಂದಿನದು ಅರ್ಥವಾಗೋಲ್ಲ.

ಹೈಜಂಪ್‌ನ ನಿಯಮ ಸರಳ. ಎರಡು ಕಂಬ, ನಡುವೆ ಒಂದು ಅಡ್ಡಪಟ್ಟಿ. ಒಂದೇ ಕಾಲಲ್ಲಿ ನೆಲ ಒದ್ದು ಮೇಲೇಳಬೇಕು. ಪಟ್ಟಿ ಬೀಳಬಾರದು. ಒಂದರ ಮೇಲೊಂದು ಮೂರು ಸಲ ತಪ್ಪಿದರೆ ಮನೆಗೆ. ಮೇಲೆ ಹೇಗೆ ಹೋಗುತ್ತೀಯ, ಯಾವ ಭಂಗಿಯಲ್ಲಿ ದಾಟುತ್ತೀಯ ಅಂತ ಯಾರೂ ಕೇಳೋದಿಲ್ಲ.

ಹಳೆಯ ಕಾಲದಲ್ಲಿ ಮರಳು ಗುಂಡಿ. ನಮ್ಮ ಊರಿನ ಹೈಸ್ಕೂಲು ಮೈದಾನಗಳಲ್ಲಿ ಇವತ್ತಿಗೂ ಕಾಣುವಂಥದ್ದೇ. ಮರಳಿಗೆ ಬೀಳಬೇಕಾದರೆ ಕಾಲ ಮೇಲೆಯೇ ಬೀಳಬೇಕು, ಇಲ್ಲದಿದ್ದರೆ ಕತ್ತು ಉಳಿಯೋದಿಲ್ಲ. ಅದಕ್ಕೇ ಕತ್ತರಿ ಆಡಿಸಿದ ಹಾಗೆ ಒಂದೊಂದೇ ಕಾಲು ಎತ್ತಿ ದಾಟುವ ರೀತಿ ಬಂತು. ಬಾಲಾಷ್ ಹಾರುತ್ತಿದ್ದದ್ದು ಅದೇ ಕತ್ತರಿ ಶೈಲಿಯಲ್ಲಿ. ಆಮೇಲೆ ಹೊಟ್ಟೆ ಕೆಳಗೆ ಮಾಡಿ ಪಟ್ಟಿಯ ಮೇಲೆ ಉರುಳಿಕೊಂಡು ಹೋಗುವ ಸ್ಟ್ರಾಡಲ್ ಬಂತು. ಕುದುರೆ ಹತ್ತುವವನು ಕಾಲು ಬೀಸಿದ ಹಾಗೆ.

ಅಷ್ಟರಲ್ಲಿ ಸ್ಪಂಜಿನ ದಪ್ಪ ಹಾಸಿಗೆ ಬಂತು. ಬಿದ್ದರೂ ಪೆಟ್ಟಾಗದು ಅಂತಾದ ಮೇಲೆ ಜನರ ಧೈರ್ಯವೂ ಬದಲಾಯ್ತು. ಅಮೆರಿಕದ ಡಿಕ್ ಫಾಸ್ಬರಿ 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಪಟ್ಟಿಗೆ ಬೆನ್ನು ಹಾಕಿ, ತಲೆ ಮೊದಲು, ಕಾಲು ಕೊನೆಗೆ ಅಂತ ಮಲಗಿಕೊಂಡೇ ಹಾರಿ 2.24 ಮೀಟರಿಗೆ ಚಿನ್ನ ಹೊಡೆದ. ಇದಕ್ಕೆ 'ಫಾಸ್ಬರಿ ಫ್ಲಾಪ್' ಅಂತ ಹೆಸರಾಯ್ತು.

ಇದರಲ್ಲಿರುವ ಗುಟ್ಟು ಭೌತಶಾಸ್ತ್ರದ್ದು. ಓಟ ನೇರವಾಗಿರೋದಿಲ್ಲ, ಕೊನೆಯ ನಾಲ್ಕೈದು ಹೆಜ್ಜೆ ಬಿಲ್ಲಿನ ಹಾಗೆ ಬಾಗಿ ಬರುತ್ತೆ. ತಿರುವಿನಲ್ಲಿ ಸೈಕಲ್ ಸವಾರ ಒಳಗೆ ವಾಲಿದ ಹಾಗೆ ಮೈ ವಾಲಿರುತ್ತೆ. ಕಾಲು ಒದ್ದೊಡನೆ ಆ ವಾಲಿದ ಮೈ ನೆಟ್ಟಗಾಗಿ ಮೇಲಕ್ಕೆ ಚಿಮ್ಮಿ, ತಿರುಗಿಕೊಳ್ಳುತ್ತೆ. ಪಟ್ಟಿಯ ಮೇಲೆ ಬೆನ್ನು ಕಮಾನಾಗಿ ಬಾಗಿರೋದರಿಂದ ತಲೆ ಆಚೆ ಇಳಿದಿರುತ್ತೆ, ಕಾಲು ಇನ್ನೂ ಈಚೆ ಇರುತ್ತೆ. ಹೀಗಾಗಿ ಇಡೀ ದೇಹದ ತೂಕದ ನಡುಬಿಂದು ಪಟ್ಟಿಗಿಂತ ಕೆಳಗೇ ಸಾಗಿದರೂ ಮನುಷ್ಯ ಮಾತ್ರ ಪಟ್ಟಿಯ ಮೇಲಿಂದ ದಾಟಿರುತ್ತಾನೆ! ಮಗ್ಗಿ ಬಾರದವನಿಗೂ ಇದರ ಲಾಭ ತಿಳಿಯುತ್ತೆ.

ಉಲ್ರೀಕೆ ಕಲಿತದ್ದು ಇದನ್ನೇ. ಅಷ್ಟರವರೆಗೆ ಹೆಂಗಸರ ವಿಭಾಗದಲ್ಲಿ ಫ್ಲಾಪ್ ಹಾರಿ ಒಲಿಂಪಿಕ್ಸ್ ಗೆದ್ದವರು ಒಬ್ಬರೂ ಇರಲಿಲ್ಲ.

ಆ ಸೋಮವಾರ

1972ರ ಸೆಪ್ಟೆಂಬರ್ 4, ಸೋಮವಾರ. ಸ್ಟೇಡಿಯಂನಲ್ಲಿ ಸುಮಾರು 80 ಸಾವಿರ ಜನ.

ಪಟ್ಟಿ 1.85ಕ್ಕೆ ಬಂತು. ಅದು ಉಲ್ರೀಕೆಯ ಜೀವಮಾನದ ಎತ್ತರ. ದಾಟಿದಳು. 1.88 ಬಂತು. ಅದೂ ಆಯ್ತು. ಅಷ್ಟು ಹೊತ್ತಿಗೆ ಉಳಿದದ್ದು ಮೂರೇ ಜನ: ವಿಶ್ವದಾಖಲೆಯ ಗುಸೆನ್‌ಬಾವರ್, ಬಲ್ಗೇರಿಯಾದ ಬ್ಲಾಗೊಯೆವಾ, ಮತ್ತು ಈ ಶಾಲೆಯ ಹುಡುಗಿ. ಅಂದರೆ ಪದಕ ಗ್ಯಾರಂಟಿ. ಬೇರೆ ಯಾರಾದರೂ ಆಗಿದ್ದರೆ ಕಂಚು ಸಿಕ್ತಲ್ಲ ಅಂತ ಕಾಲು ಚಾಚಿ ಕೂತಿರೋರು.

1.90 ಮೀಟರ್. ಗುಸೆನ್‌ಬಾವರ್‌ಗೆ ಆಗಲಿಲ್ಲ. ಬ್ಲಾಗೊಯೆವಾಗೂ ಆಗಲಿಲ್ಲ. ಹುಡುಗಿ ದಾಟಿಬಿಟ್ಟಳು!

ಚಿನ್ನ ಅಲ್ಲಿಗೇ ನಿಕ್ಕಿಯಾಗಿತ್ತು. ಆದರೆ ಪಟ್ಟಿ ಇನ್ನೊಂದು ಮೆಟ್ಟಿಲು ಏರಿತು. 1.92 ಮೀಟರ್, ವಿಶ್ವದಾಖಲೆಯ ಎತ್ತರ. ಅಡಿ ಲೆಕ್ಕದಲ್ಲಿ ಆರಡಿ ಮೂರೂವರೆ ಇಂಚು. ಹಳೇ ಮನೆಗಳ ಬಾಗಿಲುವಾಡದಲ್ಲಿ ಎತ್ತರದ ಆಳು ತಲೆ ತಗ್ಗಿಸಬೇಕಾದಷ್ಟು. ಅದನ್ನೂ ದಾಟಿದಳು. ಗುಸೆನ್‌ಬಾವರ್ ದಾಖಲೆ ಮಾಡಿ ಅವತ್ತಿಗೆ ಸರಿಯಾಗಿ ಒಂದು ವರ್ಷ. ದಾಖಲೆ ಸರಿಗಟ್ಟಿದ್ದನ್ನು ಮೈದಾನದಲ್ಲೇ ನಿಂತು ನೋಡುವ ಪಾಡು ಪಾಪ ಗುಸೆನ್‌ಬಾವರ್‌ದಾಯ್ತು. ಕೊರಳಿಗೆ ಬಿದ್ದದ್ದು ಕಂಚು.

ಒಂದೇ ಸ್ಪರ್ಧೆಯಲ್ಲಿ ತನ್ನ ಹಳೇ ಎತ್ತರಕ್ಕಿಂತ ಏಳು ಸೆಂಟಿಮೀಟರ್ ಮೇಲೆ! ಈ ಆಟದಲ್ಲಿ ವರ್ಷವೆಲ್ಲ ಬೆವರು ಸುರಿಸಿ ಒಂದೆರಡು ಸೆಂಟಿಮೀಟರ್ ಏರಿದರೆ ಕೋಚ್‌ಗಳು ಸಿಹಿ ಹಂಚುತ್ತಾರೆ. ವಯಸ್ಸು 16 ವರ್ಷ 123 ದಿನ. ಓಟ, ನೆಗೆತ, ಎಸೆತದ ವೈಯಕ್ತಿಕ ಸ್ಪರ್ಧೆಗಳಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ಒಲಿಂಪಿಕ್ಸ್ ಚಿನ್ನ ಗೆದ್ದವರು ಅವಳಿಗಿಂತ ಮುಂಚೆ ಯಾರೂ ಇರಲಿಲ್ಲ.

1.92ರ ಬೆಲೆ ಎಷ್ಟು ಅಂತ ನಮ್ಮ ಕಡೆಯ ತಕ್ಕಡಿಯಲ್ಲೇ ತೂಗಿ ನೋಡಬಹುದು. ದಕ್ಷಿಣ ಕನ್ನಡದ ಸಹನಾ ಕುಮಾರಿ 2012ರಲ್ಲಿ ಹೈದರಾಬಾದಿನಲ್ಲಿ ಭಾರತದ ರಾಷ್ಟ್ರೀಯ ದಾಖಲೆ ಮಾಡಿ ಲಂಡನ್ ಒಲಿಂಪಿಕ್ಸ್‌ಗೆ ಹೋದದ್ದು ಹಲವರಿಗೆ ನೆನಪಿರಬಹುದು. ಆವತ್ತು ಸಹನಾ ದಾಟಿದ್ದು ಎಷ್ಟು? 1.92 ಮೀಟರ್. ಅದಕ್ಕೂ ಮುಂಚಿನ ದಾಖಲೆ ಕೇರಳದ ಬಾಬಿ ಅಲೋಷಿಯಸ್ 2004ರಲ್ಲಿ ಮಾಡಿದ್ದ 1.91. ಜರ್ಮನಿಯ ಶಾಲಾ ಹುಡುಗಿ ಮುಟ್ಟಿದ ಮಟ್ಟವನ್ನು ಭಾರತದ ಹೆಣ್ಣುಮಗಳೊಬ್ಬಳು ಮುಟ್ಟಲು ನಲವತ್ತು ವರ್ಷ ಹಿಡಿಯಿತು. ಮರಳು ಗುಂಡಿಯಿಂದ ಸ್ಪಂಜಿನ ಹಾಸಿಗೆಗೆ ಬರೋದೇ ತಡವಾದ ಕಡೆ ಸಹನಾಳ ಆ ಹಾರಾಟ ಸಣ್ಣದೇನಲ್ಲ. ದೂರ ಎಷ್ಟಿತ್ತು ಅನ್ನೋದಕ್ಕೆ ಈ ಲೆಕ್ಕ, ಅಷ್ಟೇ.

ಮಾರನೇ ದಿನವೇ ಕತ್ತಲು

ಗೆದ್ದ ಮಾರನೇ ದಿನ ಪತ್ರಿಕೆ ತುಂಬ ತನ್ನ ಚಿತ್ರ ನೋಡಿಕೊಂಡು ಖುಷಿಪಡಬೇಕಾದ ಹುಡುಗಿ. ಆದರೆ ಸೆಪ್ಟೆಂಬರ್ 5ರ ನಸುಕಿನಲ್ಲಿ ಬಂದೂಕುಧಾರಿಗಳು ಕ್ರೀಡಾಗ್ರಾಮಕ್ಕೆ ನುಗ್ಗಿದರು. 'ಬ್ಲ್ಯಾಕ್ ಸೆಪ್ಟೆಂಬರ್' ಎಂಬ ಪ್ಯಾಲೆಸ್ತೀನ್ ಗುಂಪಿನವರು ಇಸ್ರೇಲ್ ತಂಡದವರನ್ನು ಒತ್ತೆ ಹಿಡಿದರು. ಇಸ್ರೇಲಿನ 11 ಮಂದಿ ಸತ್ತರು. ಒಬ್ಬ ಜರ್ಮನ್ ಪೊಲೀಸ್ ಕೂಡ ಸತ್ತ. ಆಟ ನಿಂತಿತು, ಶೋಕಸಭೆ ನಡೆಯಿತು, ಮತ್ತೆ ಆಟ ಶುರುವಾಯಿತು. ಮ್ಯೂನಿಕ್ ಅಂದರೆ ಜಗತ್ತಿಗೆ ಇವತ್ತಿಗೂ ಮೊದಲು ನೆನಪಾಗೋದು ಆ ರಕ್ತವೇ ಹೊರತು ಯಾರ ಪದಕವೂ ಅಲ್ಲ.

ದಾಖಲೆಯೂ ಹೆಚ್ಚು ದಿನ ನಿಲ್ಲಲಿಲ್ಲ. ಮ್ಯೂನಿಕ್‌ನಲ್ಲಿ ಬೆಳ್ಳಿಗೆ ತೃಪ್ತಿಪಟ್ಟಿದ್ದ ಬ್ಲಾಗೊಯೆವಾ ಇಪ್ಪತ್ತೇ ದಿನದಲ್ಲಿ, ಸೆಪ್ಟೆಂಬರ್ 24ಕ್ಕೆ, ಯುಗೋಸ್ಲಾವಿಯಾದ ಜಾಗ್ರೆಬ್‌ನಲ್ಲಿ 1.94 ಹಾರಿಬಿಟ್ಟಳು.

ಹುಡುಗಿ ಪುಸ್ತಕದ ಚೀಲ ಹೊತ್ತು ಮತ್ತೆ ಶಾಲೆಗೆ ಹೋಗಬೇಕಿತ್ತು. ಒಲಿಂಪಿಕ್ಸ್‌ನಲ್ಲಿ ಆಗಿನ್ನೂ ಅಮೆಚೂರ್ ಕಾನೂನು. ಆಟದಿಂದ ಕಾಸು ಮಾಡಿದರೆ ಹೊರಗೆ. ಅಂದರೆ ಹೆಸರಿನ ಭಾರವೆಲ್ಲ ತಲೆ ಮೇಲೆ, ಗಳಿಕೆ ಮಾತ್ರ ಸೊನ್ನೆ. ಎಲ್ಲಿ ಹೋದರೂ ಒಲಿಂಪಿಕ್ ಚಾಂಪಿಯನ್. ಸಣ್ಣ ಊರಿನ ಸಣ್ಣ ಪಂದ್ಯಕ್ಕೆ ಹೋದರೂ ಗೆಲ್ಲಲೇಬೇಕು, ಸೋತರೆ ಅದೇ ಸುದ್ದಿ.

ಸೋಲೇ ಸುದ್ದಿಯಾಗುವ ದಿನಗಳು ಬಂದವು.

ಮಾಂಟ್ರಿಯಲ್ ಮುಖಭಂಗ

ಹದಿನಾರಕ್ಕೂ ಇಪ್ಪತ್ತಕ್ಕೂ ನಡುವೆ ಹುಡುಗಿಯ ಮೈ ಒಂದೇ ಥರ ಇರೋದಿಲ್ಲ. ತೂಕ ಬದಲಾಗುತ್ತೆ, ಹೆಜ್ಜೆಯ ಅಳತೆ ಬದಲಾಗುತ್ತೆ. ಎತ್ತರ ಜಿಗಿತದಲ್ಲಿ ಓಟದ ಗುರುತು ಅರ್ಧ ಅಡಿ ಆಚೀಚೆಯಾದರೂ ಪಟ್ಟಿ ಬಿತ್ತು ಅಂತಲೇ ಲೆಕ್ಕ. ಹದಿನಾರರ ಹುಡುಗಿ ಹೆದರಿಕೆ ಏನೂಂತ ಗೊತ್ತಿಲ್ಲದೆ ಹಾರಿಬಿಡುತ್ತಾಳೆ. ಅದೇ ಹುಡುಗಿಗೆ ಇಪ್ಪತ್ತಾಗುವ ಹೊತ್ತಿಗೆ ಕಳೆದುಕೊಳ್ಳೋದು ಏನಿದೆ ಅಂತ ಚೆನ್ನಾಗಿ ಗೊತ್ತಾಗಿರುತ್ತೆ. ಈ ಎರಡನೇದು ಮೊದಲನೇದಕ್ಕಿಂತ ದೊಡ್ಡ ತೊಂದರೆ.

1976ರ ಮಾಂಟ್ರಿಯಲ್ ಒಲಿಂಪಿಕ್ಸ್. ಹಾಲಿ ಚಾಂಪಿಯನ್ ಉಲ್ರೀಕೆ ಮೈಫಾರ್ಟ್ ಅರ್ಹತಾ ಸುತ್ತನ್ನೇ ದಾಟಲಿಲ್ಲ! ಫೈನಲ್ ನಡೆದಾಗ ಆಕೆ ಬರೀ ಪ್ರೇಕ್ಷಕಿ. ಚಿನ್ನ ಹೋದದ್ದು ಪೂರ್ವ ಜರ್ಮನಿಯ ರೋಸ್‌ಮರೀ ಆಕರ್‌ಮನ್‌ಗೆ, 1.93 ಮೀಟರಿಗೆ. ಆಕರ್‌ಮನ್ ಹಾರುತ್ತಿದ್ದದ್ದು ಹಳೇ ಸ್ಟ್ರಾಡಲ್. ಫ್ಲಾಪ್ ಬಂದಮೇಲೆ ಹಳೇ ವಿದ್ಯೆ ಗುಜರಿಗೆ ಅಂದುಕೊಂಡವರಿಗೆ ಸರಿಯಾದ ಉತ್ತರ. ಎರಡೂ ಜರ್ಮನಿಗಳ ನಡುವೆ ಗೋಡೆ ಎದ್ದಿದ್ದ ಕಾಲ ಅದು. ಆ ಕಡೆಯವಳು ಗೆದ್ದಳು, ಈ ಕಡೆಯವಳು ಮೊದಲ ದಿನವೇ ಹೊರಬಿದ್ದಳು ಅಂದಾಗ ಕೊಂಕು ಮಾತಿಗೇನು ಬರ?

ಇಲ್ಲಿಗೆ ಹೆಚ್ಚಿನವರು ಬೂಟು ಕಳಚಿಡುತ್ತಾರೆ. ವಯಸ್ಸು ಇಪ್ಪತ್ತು, ಮನೆಯಲ್ಲಿ ಒಲಿಂಪಿಕ್ಸ್ ಚಿನ್ನ ಇದೆ, ಸಾಕಲ್ಲ? ಉಲ್ರೀಕೆ ಬೂಟು ಕಳಚಲಿಲ್ಲ. ಬದಲಿಗೆ ಲೆವರ್‌ಕೂಸನ್ ಎಂಬ ಪಕ್ಕದ ಊರಿಗೆ ಹೋದಳು.

ಲೆವರ್‌ಕೂಸನ್ ಅಂದರೆ ಯಾವುದು ಅಂತ ಅಂಗಡಿಯವರಿಗೆ ಸುಲಭವಾಗಿ ಹೇಳಬೇಕೆಂದರೆ, ಆಸ್ಪಿರಿನ್ ಮಾತ್ರೆಯ ಬಾಯರ್ ಕಂಪನಿಯ ಊರು. ಕಾರ್ಖಾನೆಯ ಕೆಲಸಗಾರರು ಸೇರಿ 1904ರಲ್ಲಿ ಕಟ್ಟಿಕೊಂಡ ಕ್ರೀಡಾಕ್ಲಬ್ ಅಲ್ಲಿದೆ. ಅಲ್ಲಿ ಗೆರ್ಡ್ ಓಸನ್‌ಬರ್ಗ್ ಎಂಬ ಕೋಚ್. 1972ರ ಅದೇ ಮ್ಯೂನಿಕ್‌ನಲ್ಲಿ ಲಾಂಗ್‌ಜಂಪ್ ಚಿನ್ನ ಗೆದ್ದ ಹೈಡೆ ರೋಸನ್‌ದಾಲ್ ಅವರ ಶಿಷ್ಯೆ. ಉಲ್ರೀಕೆ ಮತ್ತೆ ಅ, ಆ, ಇ, ಈ ಅಂತ ಶುರುಮಾಡಿದ್ದು ಈ ಗುರುವಿನ ಕೈಕೆಳಗೆ.

ಎರಡು ಮೀಟರ್ ಗೋಡೆ

ಇತ್ತ ಆಟವೇ ಮೇಲೆ ಹೋಗಿಬಿಟ್ಟಿತ್ತು. 1977ರ ಆಗಸ್ಟ್ 26ರಂದು ಬರ್ಲಿನ್‌ನಲ್ಲಿ ಆಕರ್‌ಮನ್ ಎರಡು ಮೀಟರ್ ದಾಟಿದಳು. ಜಗತ್ತಿನಲ್ಲಿ ಆ ಮಟ್ಟ ಮುಟ್ಟಿದ ಮೊದಲ ಹೆಂಗಸು. ಮರುವರ್ಷ ಇಟಲಿಯ ಸಾರಾ ಸಿಮಿಯೋನಿ 2.01 ಹಾರಿದಳು, ಅದೂ ಒಂದೇ ತಿಂಗಳಲ್ಲಿ ಎರಡು ಸಲ. ಎರಡನೇದು ಪ್ರಾಗ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ.

ಈ ಸಿಮಿಯೋನಿ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಮ್ಯೂನಿಕ್‌ನಲ್ಲಿ ಆಕೆಯೂ ಇದ್ದಳು. ಹತ್ತೊಂಬತ್ತರ ಹುಡುಗಿ, ಆರನೇ ಸ್ಥಾನ. ಅವಳ ಏಣಿ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹೋಯ್ತು: ಮಾಂಟ್ರಿಯಲ್‌ನಲ್ಲಿ ಬೆಳ್ಳಿ, ಆಮೇಲೆ ವಿಶ್ವದಾಖಲೆ. ಉಲ್ರೀಕೆಯ ಏಣಿ ಮಾತ್ರ ತುದಿಯಿಂದ ಶುರುವಾಗಿ ಕೆಳಕ್ಕೆ ಬಂದಿತ್ತು.

ಉಲ್ರೀಕೆ ಮತ್ತೆ ಹಾರಲು ಶುರುಮಾಡಿದ ಹೊತ್ತಿಗೆ ಸರಿಯಾಗಿ ರಾಜಕೀಯ ಅಡ್ಡ ಬಂತು. 1979ರ ಕೊನೆಯಲ್ಲಿ ರಷ್ಯಾದ ಸೇನೆ ಆಫ್ಘಾನಿಸ್ತಾನಕ್ಕೆ ನುಗ್ಗಿತು, ಅಮೆರಿಕ 1980ರ ಮಾಸ್ಕೋ ಒಲಿಂಪಿಕ್ಸ್‌ಗೆ ಬಹಿಷ್ಕಾರ ಹಾಕಿತು, ಪಶ್ಚಿಮ ಜರ್ಮನಿಯೂ ಹಿಂದೆಯೇ ಹೋಯಿತು. ನಮ್ಮ ಹಾಕಿ ತಂಡ ಚಿನ್ನ ತಂದ ಮಾಸ್ಕೋ ಅದೇ. ಸಿಮಿಯೋನಿ ಅಲ್ಲಿಗೆ ಹೋಗಿ 1.97ಕ್ಕೆ ಚಿನ್ನ ಕಟ್ಟಿಕೊಂಡು ಬಂದಳು. ಉಲ್ರೀಕೆ ಮನೆಯಲ್ಲಿ. ಕ್ರೀಡಾಪಟುವಿನ ಕಾಲಿನ ಆಯುಷ್ಯ ಎಷ್ಟು ಅಂತ ಈ ಮಂತ್ರಿಮಹಾಶಯರಿಗೆ ಗೊತ್ತಿರುತ್ತೋ ಇಲ್ಲವೋ! ನಾಲ್ಕು ವರ್ಷಕ್ಕೊಮ್ಮೆ ತೆರೆಯುವ ಬಾಗಿಲು. ಒಮ್ಮೆ ತಾನೇ ಎಡವಿ ಬಿದ್ದಳು, ಇನ್ನೊಮ್ಮೆ ಹೊರಗಿನವರು ಬೀಗ ಜಡಿದರು.

ಈಗ ವಯಸ್ಸು ಇಪ್ಪತ್ತನಾಲ್ಕು. ಇನ್ನೊಂದು ಒಲಿಂಪಿಕ್ಸ್‌ಗೆ ನಾಲ್ಕು ವರ್ಷ.

ಹತ್ತು ವರ್ಷ, ಹತ್ತು ಸೆಂಟಿಮೀಟರ್

ಬೆಳಕು ಕಂಡದ್ದು 1981ರಿಂದ. ಆ ವರ್ಷ ರೋಮ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ ಗೆದ್ದಳು. ಆ ವರ್ಷದಿಂದ ಹಿಡಿದು 1984ರವರೆಗೆ ನಾಲ್ಕೂ ವರ್ಷ ಪಶ್ಚಿಮ ಜರ್ಮನಿಯ ವರ್ಷದ ಕ್ರೀಡಾಪಟು ಎಂಬ ಬಿರುದು ಹೆಂಗಸರಲ್ಲಿ ಆಕೆಗೇ. ಮರೆತುಹೋಗಿದ್ದ ಹೆಸರು ಮತ್ತೆ ಜನರ ಬಾಯಿಗೆ ಬಂತು.

1982ರ ಸೆಪ್ಟೆಂಬರ್ 8, ಅಥೆನ್ಸ್. ಯುರೋಪಿಯನ್ ಚಾಂಪಿಯನ್‌ಷಿಪ್. ಮ್ಯೂನಿಕ್ ಆಗಿ ಹತ್ತು ವರ್ಷ ನಾಲ್ಕು ದಿನ. ಉಲ್ರೀಕೆ ಮೈಫಾರ್ಟ್ 2.02 ಮೀಟರ್ ದಾಟಿದಳು. ಚಿನ್ನವೂ ಹೌದು, ವಿಶ್ವದಾಖಲೆಯೂ ಹೌದು. ಸಿಮಿಯೋನಿಯ ನಾಲ್ಕು ವರ್ಷದ ದಾಖಲೆ ಹೋಯ್ತು, ಸಿಮಿಯೋನಿಗೆ ಅಲ್ಲಿ ಸಿಕ್ಕಿದ್ದು ಕಂಚು. ಹದಿನಾರಕ್ಕೆ 1.92, ಇಪ್ಪತ್ತಾರಕ್ಕೆ 2.02. ಹತ್ತು ವರ್ಷಕ್ಕೆ ಹತ್ತು ಸೆಂಟಿಮೀಟರ್. ಗೇಣಿಗೂ ಅರ್ಧ. ಆ ಅರ್ಧ ಗೇಣಿಗೆ ಒಂದು ಯೌವನವೇ ಖರ್ಚಾಯಿತು.

ಅಥೆನ್ಸ್‌ನಲ್ಲಿ ಬೆಳ್ಳಿ ಗೆದ್ದವಳು ರಷ್ಯಾದ ತಮಾರಾ ಬಿಕೋವಾ. ಮುಂದಿನ ಎರಡು ವರ್ಷ ಈ ಇಬ್ಬರ ಜಟಾಪಟಿ ನೋಡಬೇಕಿತ್ತು! 1983ರ ಆಗಸ್ಟ್‌ನಲ್ಲಿ ಹೆಲ್ಸಿಂಕಿಯಲ್ಲಿ ಮೊಟ್ಟಮೊದಲ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್. ಬಿಕೋವಾ 2.01, ಮೈಫಾರ್ಟ್ 1.99. ಚಿನ್ನ ರಷ್ಯಾಕ್ಕೆ. ಹನ್ನೆರಡು ದಿನ ಕಳೆದು ಆಗಸ್ಟ್ 21ರಂದು ಲಂಡನ್‌ನಲ್ಲಿ ಯುರೋಪಿಯನ್ ಕಪ್. ಪಟ್ಟಿ 2.03. ಮೈಫಾರ್ಟ್ ದಾಟಿದಳು, ವಿಶ್ವದಾಖಲೆ! ಚಪ್ಪಾಳೆ ನಿಲ್ಲುವಷ್ಟರಲ್ಲಿ ಬಿಕೋವಾ ಕೂಡ ಅದೇ 2.03 ದಾಟಿದಳು. ಒಂದೇ ಮೈದಾನ, ಒಂದೇ ದಿನ, ಒಂದೇ ಎತ್ತರ, ಇಬ್ಬರು ದಾಖಲೆದಾರರು. ಇಂಥ ಸಮಬಲದಲ್ಲಿ ತಪ್ಪಿದ ಹಾರಾಟಗಳ ಲೆಕ್ಕ ನೋಡುತ್ತಾರೆ, ಕಡಿಮೆ ತಪ್ಪಿದವರು ಮುಂದೆ. ಹಾಗೆ ಗೆದ್ದವಳು ಮೈಫಾರ್ಟ್. ಆದರೆ ನಾಲ್ಕೇ ದಿನದಲ್ಲಿ ಇಟಲಿಯ ಪೀಸಾದಲ್ಲಿ ಬಿಕೋವಾ 2.04 ಹಾರಿ ದಾಖಲೆಯನ್ನು ಪೂರ್ತಿ ತನ್ನದಾಗಿಸಿಕೊಂಡಳು.

ಹಟವಾದಿ ಹೆಂಗಸರು, ಇಬ್ಬರೂ.

ಲಾಸ್ ಏಂಜಲಿಸ್

1984. ಈ ಸಲ ಬಹಿಷ್ಕಾರದ ಸರದಿ ರಷ್ಯಾ ಬಣದ್ದು. ಬಿಕೋವಾ ಬರಲಿಲ್ಲ. ಬಲ್ಗೇರಿಯಾದ ಲ್ಯುದ್ಮಿಲಾ ಆಂದೊನೋವಾ ಬರಲಿಲ್ಲ. ಈ ಆಂದೊನೋವಾ ಒಲಿಂಪಿಕ್ಸ್‌ಗೆ ಒಂದು ವಾರವಷ್ಟೇ ಇದ್ದಾಗ, ಜುಲೈ 20ಕ್ಕೆ, ಬರ್ಲಿನ್‌ನಲ್ಲಿ 2.07 ಹಾರಿ ಹೊಸ ವಿಶ್ವದಾಖಲೆ ಮಾಡಿದ್ದಳು. ಹಾಗಾಗಿ ಲಾಸ್ ಏಂಜಲಿಸ್‌ನ ಚಿನ್ನ ಅಗ್ಗದ ಚಿನ್ನ ಅನ್ನೋರೂ ಇದ್ದರು. ಅನ್ನಲಿ. 1980ರಲ್ಲಿ ಆಕೆಗೆ ತಪ್ಪಿದ್ದು 1984ರಲ್ಲಿ ಬೇರೆಯವರಿಗೆ ತಪ್ಪಿತು. ಎರಡರಲ್ಲೂ ಹಾರುವವರ ಕೈವಾಡವೇನೂ ಇರಲಿಲ್ಲ. ಜೊತೆಗೆ, ಮಾಸ್ಕೋ ಚಾಂಪಿಯನ್ ಸಿಮಿಯೋನಿ ಅಲ್ಲೇ ಇದ್ದಳು, ಮೂವತ್ತೊಂದರ ವಯಸ್ಸಲ್ಲಿ.

ಆ ವಾರ ಭಾರತದವರ ಕಣ್ಣೆಲ್ಲ ಬೇರೆ ಕಡೆ ಇತ್ತು. ಆಗಸ್ಟ್ 8ರಂದು ನಮ್ಮ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರರಲ್ಲೊಂದು ಪಾಲಿಗೆ ಕಂಚು ಕಳೆದುಕೊಂಡಳು. ಆ ಸಂಕಟದಲ್ಲಿ ಎರಡು ದಿನ ಬಿಟ್ಟು ಅದೇ ಮೈದಾನದಲ್ಲಿ ನಡೆದದ್ದನ್ನು ಇಲ್ಲಿ ಗಮನಿಸಿದವರು ಕಡಿಮೆ.

ಆಗಸ್ಟ್ 10, ಶುಕ್ರವಾರ. ಅಮೆರಿಕದ ಜೋನಿ ಹಂಟ್ಲಿ 1.97ಕ್ಕೆ ನಿಂತಳು, ಕಂಚು. ಉಳಿದವರು ಇಬ್ಬರು. ಹನ್ನೆರಡು ವರ್ಷದ ಹಿಂದೆ ಮ್ಯೂನಿಕ್‌ನ ಫೈನಲ್‌ನಲ್ಲಿದ್ದ ಅದೇ ಇಬ್ಬರು ಹುಡುಗಿಯರು. ಆಗ ಒಬ್ಬಳು ಮೊದಲನೆಯವಳು, ಒಬ್ಬಳು ಆರನೆಯವಳು. ಈಗ ಇಬ್ಬರ ಹತ್ತಿರವೂ ಒಂದೊಂದು ಒಲಿಂಪಿಕ್ಸ್ ಚಿನ್ನ, ಇಬ್ಬರೂ ವಿಶ್ವದಾಖಲೆಯ ರುಚಿ ಕಂಡವರು. ಪಟ್ಟಿ ಎರಡು ಮೀಟರಿಗೆ ಏರಿತು. ಸಿಮಿಯೋನಿ ದಾಟಿದಳು. ಮೈಫಾರ್ಟ್ ದಾಟಿದಳು. 2.02ಕ್ಕೆ ಏರಿತು. ಅಡಿ ಲೆಕ್ಕದಲ್ಲಿ ಆರಡಿ ಏಳೂವರೆ ಇಂಚು. ಮೈಫಾರ್ಟ್ ದಾಟಿದಳು. ಸಿಮಿಯೋನಿಗೆ ಆಗಲಿಲ್ಲ.

ವಯಸ್ಸು 28 ವರ್ಷ 98 ದಿನ. ಹೆಂಗಸರ ಎತ್ತರ ಜಿಗಿತದಲ್ಲಿ ಆವರೆಗೆ ಒಲಿಂಪಿಕ್ಸ್ ಗೆದ್ದವರಲ್ಲೆಲ್ಲ ಹಿರಿಯಳು. ಆವರೆಗೆ ಗೆದ್ದವರಲ್ಲೆಲ್ಲ ಕಿರಿಯಳು ಯಾರು ಅಂತ ಕೇಳಿದರೆ ಅದಕ್ಕೂ ಅದೇ ಹೆಸರು! ಹಿರಿಯಳೂ ಕಿರಿಯಳೂ ಒಬ್ಬಳೇ ಆದದ್ದು ದಾಖಲೆ ಪುಸ್ತಕ ಬರೆಯೋರಿಗೂ ತಮಾಷೆಯಾಗಿ ಕಂಡಿರಬೇಕು. ನಡುವೆ ಖಾಲಿ ಬಿದ್ದ ಹನ್ನೆರಡು ವರ್ಷದ ಕಥೆ ಮಾತ್ರ ಆ ಪುಸ್ತಕದಲ್ಲಿ ಇರೋದಿಲ್ಲ.

ಮಾರನೇ ದಿನ ಗಂಡಸರ ಹೈಜಂಪ್ ಚಿನ್ನವೂ ಪಶ್ಚಿಮ ಜರ್ಮನಿಯ ಡೀಟ್‌ಮಾರ್ ಮೋಗನ್‌ಬುರ್ಗ್‌ಗೆ ಹೋಯ್ತು, 2.35 ಮೀಟರಿಗೆ.

ಆಮೇಲೆ

ಮೈಫಾರ್ಟ್ ಆ ವರ್ಷವೇ ಸ್ಪರ್ಧೆಗೆ ವಿದಾಯ ಹೇಳಿದಳು. ಮೊದಲ ಚಿನ್ನ ಬಂದಾಗ ನಿಲ್ಲಿಸಲು ಗೊತ್ತಿರಲಿಲ್ಲ, ಎರಡನೇದು ಬಂದಾಗ ಚೆನ್ನಾಗಿ ಗೊತ್ತಿತ್ತು. ಮದುವೆಯಾಯ್ತು, ಎರಡು ಹೆಣ್ಣುಮಕ್ಕಳಾದವು. ಲೆವರ್‌ಕೂಸನ್ ಕ್ಲಬ್ಬಿನಲ್ಲೇ ಚಿಕ್ಕ ಮಕ್ಕಳಿಗೆ ತರಬೇತಿ ಕೊಡುವ ಕೆಲಸ ಹಿಡಿದಳು. ಹದಿಹರೆಯದ ಮಕ್ಕಳಿಗೆ ಹಾರೋದು ಕಲಿಸಲು, ಗೆದ್ದ ಮೇಲೆ ಏನೇನಾಗುತ್ತೆ ಅಂತ ಮೊದಲೇ ಹೇಳಿಕೊಡಲು, ಆಕೆಗಿಂತ ಅರ್ಹರು ಇನ್ನಾರು ಸಿಗಬೇಕು?

ದಾಖಲೆ ನಿಂತ ನೀರಲ್ಲ. ಬಲ್ಗೇರಿಯಾದ ಸ್ತೆಫ್ಕಾ ಕೊಸ್ತಾದಿನೋವಾ 1987ರಲ್ಲಿ ರೋಮ್‌ನಲ್ಲಿ 2.09 ಹಾರಿದಳು. ಅದು ಮೂವತ್ತಾರು ವರ್ಷಕ್ಕೂ ಮೇಲೆ ಅಲ್ಲಾಡದೆ ಕೂತಿತ್ತು. 2024ರ ಜುಲೈ 7ರಂದು ಪ್ಯಾರಿಸ್‌ನಲ್ಲಿ ಉಕ್ರೇನ್‌ನ ಯಾರೊಸ್ಲಾವಾ ಮಹುಚಿಖ್ 2.10 ದಾಟಿದ ಮೇಲೇ ಅದು ಮುರಿದದ್ದು. ಮೂವತ್ತಾರು ವರ್ಷಕ್ಕೆ ಒಂದು ಸೆಂಟಿಮೀಟರ್! ಬಾಲಾಷ್ ಕಾಲದ ಹತ್ತು ವರ್ಷಕ್ಕೆ ಒಂದು ಸೆಂಟಿಮೀಟರೇ ವೇಗ ಅನ್ನಿಸುತ್ತೆ ಈಗ.

ಹಾಗೆಯೇ ಕೊಸ್ತಾದಿನೋವಾ 1996ರಲ್ಲಿ ಮೂವತ್ತೊಂದಕ್ಕೆ ಅಟ್ಲಾಂಟಾದಲ್ಲಿ ಗೆದ್ದಾಗ ಮೈಫಾರ್ಟ್‌ನ 'ಹಿರಿಯ ಚಾಂಪಿಯನ್' ಪಟ್ಟವೂ ಹೋಯ್ತು. 'ಕಿರಿಯ ಚಾಂಪಿಯನ್' ಪಟ್ಟ ಮಾತ್ರ ಎತ್ತರ ಜಿಗಿತದಲ್ಲಿ ಯಾರೂ ಕಿತ್ತುಕೊಂಡಿಲ್ಲ.

ಕೋಚ್ ಓಸನ್‌ಬರ್ಗ್ ಸುಮ್ಮನೆ ಕೂರಲಿಲ್ಲ. ಅವರ ಕೈಕೆಳಗೆ ಲೆವರ್‌ಕೂಸನ್‌ನಲ್ಲಿ ಹೈಕೆ ಹೆಂಕಲ್ ಎಂಬ ಇನ್ನೊಬ್ಬಳು ತಯಾರಾದಳು. 1992ರಲ್ಲಿ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಅವಳಿಗೂ ಎತ್ತರ ಜಿಗಿತದ ಚಿನ್ನ ಬಂತು. ಆಗ ಗೋಡೆ ಬಿದ್ದು ಎರಡು ಜರ್ಮನಿಗಳು ಒಂದಾಗಿದ್ದವು. ಹೆಂಕಲ್ ದಾಟಿದ ಎತ್ತರ ಸರಿಯಾಗಿ 2.02 ಮೀಟರ್.